ಮನೆಗೊಂದು ಫೈಲ್: ದಾವಾವೊದ ಡೊಕ್ತೋರಾ ನನಗೆ ಕಲಿಸಿದ ವೈದ್ಯಕೀಯ

ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಕುಟುಂಬ ವೈದ್ಯೆ. ನನ್ನ ಕ್ಲಿನಿಕ್ಕಿನಲ್ಲಿ ಫೈಲ್ ಇರುವುದು ರೋಗಿಗೊಂದರಂತೆ ಅಲ್ಲ, ಮನೆಗೊಂದರಂತೆ. ಫೈಲಿನ ಮೊದಲ ಪುಟದಲ್ಲಿ ಆ ಮನೆಯ ಮೂರು ತಲೆಮಾರಿನ ನಕ್ಷೆ ಇರುತ್ತದೆ. ಇದನ್ನು ಎಲ್ಲಿ ಕಲಿತಿರಿ ಎಂದು ಅಕ್ಕಪಕ್ಕದ ಡಾಕ್ಟರುಗಳು ಕೇಳುತ್ತಿರುತ್ತಾರೆ. ನಾನು ಕಲಿತದ್ದು ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದ ದಾವಾವೊ ನಗರದಲ್ಲಿ, ಮೂರು ಮಕ್ಕಳ ತಾಯಿಯಾಗಿದ್ದ ಒಬ್ಬ ಕುಟುಂಬ ವೈದ್ಯೆಯಿಂದ. ಅಲ್ಲಿ ಮಹಿಳಾ ವೈದ್ಯರನ್ನು ಊರೆಲ್ಲ ಕರೆಯುವಂತೆ ನಾವೂ ಅವರನ್ನು ಡೊಕ್ತೋರಾ ಎಂದೇ ಕರೆಯುತ್ತಿದ್ದೆವು.

ಭಾರತದ ಎಷ್ಟೋ ಮಕ್ಕಳಂತೆ ನಾನೂ ಸೀಟು ಮತ್ತು ಫೀಸಿನ ಲೆಕ್ಕ ಹಾಕಿಯೇ ಅಲ್ಲಿಗೆ ಹೋದವಳು. ಮೊದಲು ಬಿ.ಎಸ್. ಎಂಬ ವಿಜ್ಞಾನ ಪದವಿ, ಆಮೇಲೆ ನಾಲ್ಕು ವರ್ಷದ ಎಂ.ಡಿ.; ಅಲ್ಲಿ ಡಾಕ್ಟರಾಗಲು ಓದುವ ಮೊದಲ ವೈದ್ಯ ಪದವಿಯೇ ಅದು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಆದರೆ ರೋಗಿಗಳು ಮಾತಾಡುತ್ತಿದ್ದುದು ಅಲ್ಲಿನ ಜನರ ಭಾಷೆ ಬಿಸಾಯಾ. ಕೊನೆಯ ವರ್ಷದ ಪ್ರಾಯೋಗಿಕ ತರಬೇತಿಯಾದ ಕ್ಲರ್ಕ್‌ಶಿಪ್‌ನಲ್ಲಿ ನಮ್ಮನ್ನು ಬರಂಗಾಯ್‌ಗಳಿಗೆ, ಅಂದರೆ ಅಲ್ಲಿನ ಅತಿ ಚಿಕ್ಕ ಆಡಳಿತ ಘಟಕಗಳಿಗೆ ಕಳಿಸುತ್ತಿದ್ದರು. ದೇಶದಲ್ಲಿ ಅಂಥವು ಸುಮಾರು 42,000 ಇವೆ. ಡೊಕ್ತೋರಾ ನಮ್ಮ ಗುಂಪಿನ ಮೇಲ್ವಿಚಾರಕಿಯಾಗಿದ್ದರು.

ಅವರ ತಂದೆ ಬಾಳೆ ತೋಟದ ಕೂಲಿ. ದಾವಾವೊ ಸುತ್ತಮುತ್ತ ಕ್ಯಾವೆಂಡಿಶ್ ಬಾಳೆಯ ದೊಡ್ಡ ದೊಡ್ಡ ರಫ್ತು ತೋಟಗಳಿವೆ. ತಾಯಿ ಹಳ್ಳಿಯ ಸೂಲಗಿತ್ತಿ. ಸ್ಕಾಲರ್‌ಶಿಪ್ಪಿನ ಮೇಲೆ ಓದಿ ವೈದ್ಯೆಯಾದ ಮಗಳು ಮೊದಲು ಸೇರಿದ್ದು ‘ಡಾಕ್ಟರ್ಸ್ ಟು ದ ಬ್ಯಾರಿಯೋಸ್’ ಯೋಜನೆಗೆ. ಆರೋಗ್ಯ ಮಂತ್ರಿಯಾಗಿದ್ದ ಹ್ವಾನ್ ಫ್ಲಾವಿಯೆರ್ 1993ರಲ್ಲಿ ಶುರು ಮಾಡಿದ ಯೋಜನೆ ಅದು. ಡಾಕ್ಟರೇ ಇಲ್ಲದ ಊರುಗಳಿಗೆ ಎಳೆಯ ವೈದ್ಯರನ್ನು ಎರಡು ವರ್ಷಕ್ಕೆ ಕಳಿಸುತ್ತಿದ್ದರು. ಆ ಎರಡು ವರ್ಷ ಬೆಟ್ಟದ ಊರುಗಳಿಗೆ ಬೈಕಿನ ಹಿಂದೆ ಕೂತು ಹೋಗಿ ಬಂದದ್ದನ್ನು ಅವರು ತಮ್ಮ ನಿಜವಾದ ಕಾಲೇಜು ಎನ್ನುತ್ತಿದ್ದರು. ಆಮೇಲೆ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಮೂರು ವರ್ಷದ ರೆಸಿಡೆನ್ಸಿ ಎಂಬ ತಜ್ಞ ತರಬೇತಿ, ಮದುವೆ, ಮಾತಿನಾ ಬಡಾವಣೆಯಲ್ಲಿ ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಗಂಡ ಸರಕು ಹಡಗಿನಲ್ಲಿ ಎಂಜಿನಿಯರ್, ವರ್ಷದ ಹೆಚ್ಚು ತಿಂಗಳು ಸಮುದ್ರದ ಮೇಲೆ. ಮೂರು ಮಕ್ಕಳನ್ನೂ ಕ್ಲಿನಿಕ್ಕನ್ನೂ ಅವರೊಬ್ಬರೇ ನೋಡಿಕೊಳ್ಳಬೇಕಿತ್ತು.

ಅವರು ನಮಗೆ ಮೊದಲು ಕಲಿಸಿದ್ದು ಜೀನೋಗ್ರಾಮ್, ಅಂದರೆ ಸಂಸಾರದ ನಕ್ಷೆ ಬರೆಯುವುದನ್ನು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಕೊಂಡವರ ಮೇಲೆ ಅಡ್ಡಗೀಟು, ಇವತ್ತು ಬಂದಿರುವ ರೋಗಿಯ ಕಡೆಗೆ ಒಂದು ಬಾಣ. ಇಷ್ಟು ಪಠ್ಯಪುಸ್ತಕದಲ್ಲೂ ಇದೆ. ಒಂದೇ ಸೂರಿನಡಿ ಇರುವವರನ್ನು ಸುತ್ತುವ ಚುಕ್ಕಿ ಗೆರೆಯ ಬಗ್ಗೆ ಮಾತ್ರ ಅವರು ಬಹಳ ಕಟ್ಟುನಿಟ್ಟು. ಆ ಗೆರೆಯೊಳಗೆ ದುಡಿದು ತರುವವರು ಯಾರು, ಆರೈಕೆ ಮಾಡುವವರು ಯಾರು, ತೀರ್ಮಾನ ಮಾಡುವವರು ಯಾರು ಎಂದು ಗುರುತು ಹಾಕದೆ ನಕ್ಷೆ ಮುಗಿಸುವಂತಿರಲಿಲ್ಲ. ಈ ಮೂವರೂ ಒಬ್ಬರೇ ಆಗಿರುವುದು ಅಪರೂಪ. ಫಿಲಿಪ್ಪೀನ್ಸ್‌ನಲ್ಲಂತೂ ದುಡಿಯುವವರು ಹಾಂಗ್‌ಕಾಂಗಿನಲ್ಲೋ ದುಬೈಯಲ್ಲೋ ಇರುತ್ತಾರೆ. ಚುಕ್ಕಿ ಗೆರೆಯ ಹೊರಗೆ ಒಂಟಿಯಾಗಿ ನಿಂತ ಅಮ್ಮಂದಿರ ವೃತ್ತಗಳನ್ನು ನಾನು ಎಷ್ಟೋ ಬರೆದಿದ್ದೇನೆ.

ಒಬ್ಬ ಹುಡುಗನಿಗೆ ಆಗಾಗ ಹೊಟ್ಟೆನೋವು. ಶಾಲೆಗೆ ಹೊರಡುವ ಹೊತ್ತಿಗೇ ಬರುತ್ತಿತ್ತು. ಡೊಕ್ತೋರಾ ಮಲ ಪರೀಕ್ಷೆ ಮಾಡಿಸಿದರು, ಜಂತುಹುಳಕ್ಕೆ ಮಾತ್ರೆ ಕೊಟ್ಟರು, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದರು. ನೋವು ಹೋಗಲಿಲ್ಲ. ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಹಾಂಗ್‌ಕಾಂಗಿನಲ್ಲಿ ಮನೆಗೆಲಸ, ಅಪ್ಪ ಬಿಟ್ಟು ಹೋಗಿದ್ದಾನೆ, ಗೆರೆಯೊಳಗೆ ಇರುವುದು ಹುಡುಗ ಮತ್ತು ಅಜ್ಜಿ ಇಬ್ಬರೇ. ಅಜ್ಜಿಯ ವೃತ್ತದ ಪಕ್ಕ ನಾನು ‘ಬಿಪಿ’ ಎಂದು ಬರೆದಿದ್ದೆ. ಡೊಕ್ತೋರಾ ಅದರ ಮೇಲೆ ಬೆರಳಿಟ್ಟು, “ಈಗ ಇವರ ಬಿಪಿ ನೋಡು” ಎಂದರು. ನೋಡಿದರೆ ಮೇಲಿನ ಅಂಕಿ 180 ದಾಟಿತ್ತು. ದುಡ್ಡು ಶಾಲೆಯ ಫೀಸಿಗೆ ಬೇಕೆಂದು ಅಜ್ಜಿ ಅಮ್ಲೊಡಿಪಿನ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಬೆಳಗ್ಗೆ ಎದ್ದಾಗ ತಲೆ ಸುತ್ತಿ ಗೋಡೆ ಹಿಡಿಯುತ್ತಿದ್ದರು. ಹುಡುಗ ಅದನ್ನು ನೋಡಿದ ದಿನವೇ ಅವನ ಹೊಟ್ಟೆನೋವು. ತಾನು ಶಾಲೆಗೆ ಹೋದರೆ ಅಜ್ಜಿ ಒಬ್ಬರೇ ಬಿದ್ದುಬಿಟ್ಟರೆ ಎಂಬ ಹೆದರಿಕೆ ಅವನಿಗೆ. ಬರಂಗಾಯ್ ಆರೋಗ್ಯ ಕೇಂದ್ರದಲ್ಲಿ ಉಚಿತ ಮಾತ್ರೆ ಪಡೆಯುವವರ ಪಟ್ಟಿಗೆ ಡೊಕ್ತೋರಾ ಅಜ್ಜಿಯ ಹೆಸರು ಸೇರಿಸಿದರು. ಬೆಳಗ್ಗೆ ಒಮ್ಮೆ ಆ ಮನೆಯ ಬಾಗಿಲಲ್ಲಿ ತಲೆ ಹಾಕಿ ಹೋಗು ಎಂದು ಅಲ್ಲಿನ ಆರೋಗ್ಯ ಕಾರ್ಯಕರ್ತೆಗೆ ಹೇಳಿದರು. ಅಜ್ಜಿಯ ಬಿಪಿ ಹತೋಟಿಗೆ ಬಂತು, ಹುಡುಗ ಶಾಲೆಗೆ ಹೋದ. ಅವನ ಹೊಟ್ಟೆಗೆ ಮತ್ತೆ ಔಷಧಿಯೇ ಬೇಕಾಗಲಿಲ್ಲ.

ಇನ್ನೊಂದು ಸಾಧನ ಫ್ಯಾಮಿಲಿ ಆಪ್ಗಾರ್. ನವಜಾತ ಶಿಶುವಿಗೆ ಹಾಕುವ ಅಂಕದ ಹೆಸರನ್ನೇ ಇಟ್ಟುಕೊಂಡು ಅಮೆರಿಕದ ಗೇಬ್ರಿಯಲ್ ಸ್ಮಿಲ್ಕ್‌ಸ್ಟೀನ್ 1978ರಲ್ಲಿ ಪ್ರಕಟಿಸಿದ ಐದು ಪ್ರಶ್ನೆಗಳು. ಕಷ್ಟದಲ್ಲಿ ಮನೆಯವರು ಒದಗುತ್ತಾರಾ, ಮಾತಾಡಿ ತೀರ್ಮಾನ ಮಾಡುತ್ತಾರಾ, ಹೊಸದಕ್ಕೆ ಬೆಂಬಲ ಇದೆಯಾ, ಮನಸ್ಸಿನ ನೋವಿಗೆ ಸ್ಪಂದಿಸುತ್ತಾರಾ, ಒಟ್ಟಿಗೆ ಕಳೆಯುವ ಸಮಯ ಸಮಾಧಾನ ತಂದಿದೆಯಾ. ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಎಂಟು ಅಥವಾ ಹೆಚ್ಚು ಬಂದರೆ ಸಂಸಾರ ಚೆನ್ನಾಗಿದೆ ಎಂದು ಅರ್ಥ, ನಾಲ್ಕರಿಂದ ಏಳು ಬಂದರೆ ಗಮನ ಕೊಡಬೇಕು, ಮೂರು ಅಥವಾ ಕಡಿಮೆ ಬಂದರೆ ತುಂಬ ಹದಗೆಟ್ಟಿದೆ ಎಂದು ಅರ್ಥ.

ಇದನ್ನು ಕಲಿಸಲು ಅವರು ರೋಗಿಯ ಮನೆಯನ್ನು ತೆಗೆದುಕೊಳ್ಳಲಿಲ್ಲ. ಬೋರ್ಡಿನ ಮೇಲೆ ತಮ್ಮದೇ ಸಂಸಾರದ ನಕ್ಷೆ ಬರೆದರು. ಗಂಡನ ಚೌಕವನ್ನು ಗೆರೆಯ ಹೊರಗಿಟ್ಟು, ದುಡಿಯುವುದು, ಆರೈಕೆ, ತೀರ್ಮಾನ ಮೂರೂ ಗುರುತುಗಳನ್ನು ತಮ್ಮ ವೃತ್ತಕ್ಕೇ ಹಾಕಿಕೊಂಡರು. ಮಕ್ಕಳು ತುಂಬಿ ಕೊಟ್ಟಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟು, ಅಂಕ ಕೂಡಿಸಿ ಎಂದರು. ನಡುವಿನ ಮಗನದು ಐದು. ಒಟ್ಟಿಗೆ ಕಳೆಯುವ ಸಮಯದ ಪ್ರಶ್ನೆಗೆ ಅವನು ಸೊನ್ನೆ ಸುತ್ತಿದ್ದ. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅವರು ನೆಟ್ಟಗೆ ನಮ್ಮನ್ನೇ ನೋಡಿ, ಇಂಥ ಮನೆಗೆ ನೀವು ಯಾವ ಸಲಹೆ ಕೊಡುತ್ತೀರಿ ಎಂದು ಕೇಳಿದರು. ತಡೆದು ತಡೆದು ಒಬ್ಬಳು, ಸಂಜೆಯ ಕ್ಲಿನಿಕ್ಕಿನ ಹೊತ್ತು ಬದಲಾಯಿಸಬಹುದಾ ಎಂದಳು. ಮುಂದಿನ ವಾರದಿಂದ ಸಂಜೆ ಆರರಿಂದ ಎಂಟರವರೆಗೆ ಕೆಳಗಿನ ಬಾಗಿಲು ಮುಚ್ಚಿರುತ್ತಿತ್ತು. ಎಂಟಕ್ಕೆ ಮತ್ತೆ ತೆರೆಯುತ್ತಿದ್ದರು. ಕಾಯುವವರು ಕಾದರು, ಯಾರೂ ಬಿಟ್ಟು ಹೋಗಲಿಲ್ಲ.

ಆ ತರಗತಿಯಲ್ಲಿ ನನಗೆ ವೃತ್ತಿಯ ಬಗ್ಗೆ ಇದ್ದ ದೊಡ್ಡ ಭಯವೊಂದು ಕರಗಿತು. ಒಳ್ಳೆಯ ತಾಯಿ, ಒಳ್ಳೆಯ ಡಾಕ್ಟರ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂದು ನಮ್ಮ ಕಡೆ ಹುಡುಗಿಯರಿಗೆ ಬಹಳ ಬೇಗ ಹೇಳಿಬಿಡುತ್ತಾರೆ. ಡೊಕ್ತೋರಾ ತಮ್ಮ ಮನೆಯನ್ನೂ ರೋಗಿಗಳ ಮನೆಯನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದರು, ಎರಡಕ್ಕೂ ಒಂದೇ ಮದ್ದು ಬರೆಯುತ್ತಿದ್ದರು. ಅವರ ಮೊದಲ ಹೆರಿಗೆಯ ಕಾಲದಲ್ಲಿ ಅಲ್ಲಿ ಸಿಗುತ್ತಿದ್ದುದು 60 ದಿನದ ರಜೆ. 2019ರಲ್ಲಿ ಅದನ್ನು 105 ದಿನಕ್ಕೆ ಏರಿಸುವ ಕಾನೂನು ಬಂದಾಗ, ಊರಿಗೆ ಮರಳಿದ್ದ ನಮಗೆಲ್ಲ ಅವರು ಖುಷಿಯಿಂದ ಸಂದೇಶ ಕಳಿಸಿದ್ದರು. ಹಾಲೂಡಿಸುವ ತಾಯಂದಿರಿಗೆ ಎಂಟು ಗಂಟೆಯ ಕೆಲಸದಲ್ಲಿ 40 ನಿಮಿಷಕ್ಕೆ ಕಡಿಮೆ ಇಲ್ಲದ ಬಿಡುವು ಕೊಡಬೇಕೆಂಬ ಕಾನೂನನ್ನೂ ಅವರು ಅಂಗಡಿ, ಕಾರ್ಖಾನೆಗಳ ಹೆಂಗಸರಿಗೆ ಬಾಯಿಪಾಠ ಮಾಡಿಸುತ್ತಿದ್ದರು.

ಹಾಲು ಹೆಚ್ಚಲೆಂದು ಅಲ್ಲಿ ಬಾಣಂತಿಗೆ ಕೊಡುವುದು ನುಗ್ಗೆಸೊಪ್ಪು ಹಾಕಿದ ಕೋಳಿ ಸಾರು. ಕೆಮ್ಮಿಗೆ ಲಗುಂಡಿ. ಆರೋಗ್ಯ ಇಲಾಖೆ ಒಪ್ಪಿದ ಹತ್ತು ಔಷಧಿ ಗಿಡಗಳಲ್ಲಿ ಅದೂ ಒಂದು, ಸಿರಪ್ಪಾಗಿ ಅಂಗಡಿಯಲ್ಲೂ ಸಿಗುತ್ತದೆ. ಎಲೆ ಹಿಚುಕಿ ಮೂಸಿದ ಕೂಡಲೇ ಗೊತ್ತಾಯಿತು, ನಮ್ಮ ಹಿತ್ತಲಿನ ಲಕ್ಕಿ ಗಿಡ! ಸೂಲಗಿತ್ತಿಯ ಮಗಳಾದ್ದರಿಂದಲೋ ಏನೋ, ಮನೆಮದ್ದು ಮಾಡಿ ಬಂದವರನ್ನು ಅವರು ಎಂದೂ ಗದರಿದ್ದಿಲ್ಲ. ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು.

ವಾಪಸು ಬಂದು, ವಿದೇಶದಲ್ಲಿ ಓದಿದ ವೈದ್ಯರು ಇಲ್ಲಿ ಬರೆಯಬೇಕಾದ ಪರೀಕ್ಷೆ ಎಫ್‌ಎಂಜಿಇ ಪಾಸಾಗಿ, ಇಂಟರ್ನ್‌ಶಿಪ್ ಮುಗಿಸಿ ಕ್ಲಿನಿಕ್ಕು ತೆರೆದಾಗ ಮೊದಲ ದಿನದಿಂದಲೇ ಮನೆಗೊಂದು ಫೈಲ್ ಎಂದು ನಿಯಮ ಮಾಡಿದೆ. ಇಲ್ಲಿ ಚುಕ್ಕಿ ಗೆರೆಯ ಹೊರಗೆ ಇರುವವರು ಬೆಂಗಳೂರಿನ ಮಕ್ಕಳು. ನಕ್ಷೆಯ ಕೆಳಗೆ ಅಲ್ಲಿ ಕಲಿತ ‘ಸ್ಕ್ರೀಮ್’ ಪಟ್ಟಿಯ ಆರು ಸಾಲು: ನೆಂಟರಿಷ್ಟರು, ಆಚಾರ ನಂಬಿಕೆ, ಧರ್ಮ, ಹಣ, ಓದು, ವೈದ್ಯಕೀಯ ಸೌಲಭ್ಯ. ಒಂದೊಂದರಲ್ಲೂ ಈ ಮನೆಗೆ ಏನು ಆಸರೆ, ಏನು ಕೊರತೆ ಎಂದು ಎರಡು ಕಾಲಂ. ಮೊದಲ ಭೇಟಿಯಲ್ಲೇ ಎಲ್ಲ ಕೇಳಬಾರದು, ಪೊಲೀಸರ ವಿಚಾರಣೆಯಂತೆ ಆಗುತ್ತದೆ. ಜ್ವರಕ್ಕೆ ಬಂದಾಗ ಎರಡು ಗೆರೆ, ಲಸಿಕೆಗೆ ಬಂದಾಗ ಇನ್ನೆರಡು.

ಸಕ್ಕರೆ ಕಾಯಿಲೆ ಹತೋಟಿಗೆ ಬಾರದ ಒಬ್ಬ ಹೆಂಗಸಿಗೆ ನಾನು ಇನ್ಸುಲಿನ್ ಏರಿಸುವ ಮೊದಲು ಹಣದ ಸಾಲು ತುಂಬಲು ಕೂತೆ. ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಬಾಟಲಿ ಇದ್ದದ್ದು ಪಕ್ಕದ ಮನೆಯಲ್ಲಿ. ದಿನಕ್ಕೆರಡು ಸಲ ಬಾಗಿಲು ತಟ್ಟಲು ಸಂಕೋಚವಾಗಿ ರಾತ್ರಿಯ ಡೋಸ್ ಬಿಡುತ್ತಿದ್ದರು. ಬಳಕೆಯಲ್ಲಿರುವ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ತಂಪಾಗಿಡುವುದನ್ನು ತೋರಿಸಿಕೊಟ್ಟೆ, ತಿಂಗಳೊಳಗೆ ಬಳಸಿ ಮುಗಿಸಬೇಕೆಂದೂ ಹೇಳಿದೆ. ಡೋಸ್ ಏರಿಸಬೇಕಾಗಲಿಲ್ಲ.

ಶನಿವಾರ ಮಧ್ಯಾಹ್ನ ಆಶಾ ಕಾರ್ಯಕರ್ತೆಯ ಜೊತೆ ಮನೆ ಭೇಟಿಗೆ ಹೋಗುತ್ತೇನೆ. ಸಂಜೆ ಆರರಿಂದ ಎಂಟು ನನ್ನ ಕ್ಲಿನಿಕ್ಕೂ ಮುಚ್ಚಿರುತ್ತದೆ, ಬೋರ್ಡಿನ ಮೇಲೆ ಹಾಗೆಂದೇ ಬರೆಸಿದ್ದೇನೆ. ಮಗಳು ಓದಲು ಕಲಿತ ಮೇಲೆ ಅವಳಿಗೂ ಆಪ್ಗಾರ್ ಹಾಳೆ ಕೊಟ್ಟೆ. ಮನಸ್ಸಿನ ನೋವಿನ ಪ್ರಶ್ನೆಗೆ ಅವಳು ಒಂದು ಅಂಕ ಹಾಕಿದ್ದಾಳೆ. ಅದರ ಬಗ್ಗೆ ನಾವಿಬ್ಬರೂ ಮಾತಾಡುತ್ತಿದ್ದೇವೆ.