ಜೊತೆಗಿರುವ ಡಾಕ್ಟರ್ ಅಮಲಿನಲ್ಲಿದ್ದರೆ ಏನು ಮಾಡಬೇಕು? ಫ್ಲಾರಿಡಾದ ನಿಯಮ ಹೀಗಿದೆ

ಅಮೆರಿಕದಲ್ಲಿ ಡಾಕ್ಟರು, ನರ್ಸುಗಳಿಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಕುಡಿತ, ಮಾದಕದ ಚಟ ಅಥವಾ ಕಾಯಿಲೆಯಿಂದ ಸರಿಯಾಗಿ ಕೆಲಸ ಮಾಡಲಾಗದವರನ್ನು ಏನು ಮಾಡಬೇಕೆಂಬ ನಿಯಮವೂ ರಾಜ್ಯಕ್ಕೊಂದು. ಕ್ಯಾಲಿಫೋರ್ನಿಯಾ ವೈದ್ಯರಿಗಿದ್ದ ಇಂಥ ಕಾರ್ಯಕ್ರಮವನ್ನು 2008ರಲ್ಲಿ ಮುಚ್ಚಿಬಿಟ್ಟಿತು. ಫ್ಲಾರಿಡಾದಲ್ಲಿ ಇಂಥವರಿಗೆ ನೆರವಾಗಿ ನಿಗಾ ಇಡುವ ಕಾರ್ಯಕ್ರಮಗಳಿವೆ: ನರ್ಸುಗಳಿಗೆ 1983ರಿಂದಲೂ ಐಪಿಎನ್ (ಇಂಟರ್ವೆನ್ಷನ್ ಪ್ರಾಜೆಕ್ಟ್ ಫಾರ್ ನರ್ಸಸ್), ವೈದ್ಯರಿಗೆ ಪಿಆರ್‌ಎನ್ (ಪ್ರೊಫೆಷನಲ್ಸ್ ರಿಸೋರ್ಸ್ ನೆಟ್‌ವರ್ಕ್). ಅಲ್ಲಿನ ಆಸ್ಪತ್ರೆಗಳಲ್ಲಿರುವ ಕನ್ನಡಿಗರಿಗೆ ಈ ಮಾಹಿತಿ.

ಮೊದಲು ರೋಗಿ, ಆಮೇಲೆ ದೂರು

ಬಾಯಿಂದ ಬರುವ ವಾಸನೆಯೊಂದೇ ಸುಳಿವಲ್ಲ. ಔಷಧ ಕ್ಯಾಬಿನೆಟ್ಟಿನಿಂದ ಫೆಂಟಾನಿಲ್ ಎಂಬ ಪ್ರಬಲ ನೋವುನಿವಾರಕ ತೆಗೆದ ದಾಖಲೆ ಇರುತ್ತದೆ, ರೋಗಿಯ ನೋವು ಮಾತ್ರ ಇಳಿದಿರುವುದಿಲ್ಲ, ಮಿಕ್ಕಿದ್ದನ್ನು ಚೆಲ್ಲಿದ್ದಕ್ಕೆ ಸಾಕ್ಷಿಯ ಸಹಿಯೂ ಇರುವುದಿಲ್ಲ. ಹೀಗೆ ಕಂಡರೆ ತಾರೀಕು, ಸಮಯ, ಕಣ್ಣಾರೆ ಕಂಡದ್ದು ಇಷ್ಟನ್ನೇ ಬರೆದಿಡಿ. ‘ಕುಡುಕ’ ಎಂದು ಬರೆಯಬೇಡಿ, ‘ಮಾತು ತೊದಲುತ್ತಿತ್ತು’ ಎಂದು ಬರೆಯಿರಿ. ರೋಗಿಯ ಕಾಗದಪತ್ರಗಳನ್ನು ಮನೆಗೆ ಒಯ್ಯಬೇಡಿ.

ಕೂಡಲೇ ಚಾರ್ಜ್ ನರ್ಸ್ ಅಥವಾ ಮೇಲ್ವಿಚಾರಕರಿಗೆ ತಿಳಿಸಿ, ಅಮಲಿನಲ್ಲಿರುವವರನ್ನು ಡ್ಯೂಟಿಯಿಂದ ಬಿಡಿಸಬೇಕು. ನಾಳೆ ನೋಡೋಣ ಎಂದರೆ ಪರೀಕ್ಷೆಯಲ್ಲಿ ಏನೂ ಸಿಗದು. ರಕ್ತದಲ್ಲಿನ ಮದ್ಯ ಗಂಟೆಗೆ ಸುಮಾರು 0.015 ಶೇಕಡಾದಂತೆ ಇಳಿಯುತ್ತ ಹೋಗುತ್ತದೆ. ನೀವೊಬ್ಬರೇ ಹೋಗಿ ಬುದ್ಧಿ ಹೇಳುವ ಸಾಹಸವೂ ಬೇಡ. ಸಿಕ್ಕಿಬಿದ್ದ ಹೊತ್ತಿನಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಅವರನ್ನು ಒಂಟಿಯಾಗಿ ಕಾರು ಓಡಿಸಿಕೊಂಡು ಹೋಗಲು ಬಿಡಬೇಡಿ.

ಇನ್ನು ದೂರಿನ ಮಾತು. ಗೊತ್ತಿದ್ದೂ ಸುಮ್ಮನಿದ್ದರೆ ಫ್ಲಾರಿಡಾ ಕಾನೂನಿನಲ್ಲಿ ಅದು ನಿಮ್ಮದೇ ತಪ್ಪಾಗುತ್ತದೆ, ನಿಮ್ಮ ಲೈಸೆನ್ಸಿಗೇ ಕುತ್ತು. ಆದರೆ ಆರೋಗ್ಯ ಇಲಾಖೆಯ ಬದಲು ಐಪಿಎನ್ ಅಥವಾ ಪಿಆರ್‌ಎನ್‌ಗೆ ತಿಳಿಸಲು ಅದೇ ಕಾನೂನು ಅವಕಾಶ ಕೊಟ್ಟಿದೆ. ತೊಂದರೆ ಕಾಯಿಲೆ ಅಥವಾ ಚಟ ಮಾತ್ರವಾಗಿದ್ದರೆ ಈ ದಾರಿಯೇ ಒಳ್ಳೆಯದು. ಔಷಧ ಕದ್ದಿದ್ದರೆ, ರೋಗಿಗೆ ಹಾನಿಯಾಗಿದ್ದರೆ ಇಲಾಖೆಗೇ ಹೇಳಬೇಕು.

ಕಾರ್ಯಕ್ರಮಕ್ಕೆ ಸೇರಿದ ಮೇಲೆ

ತಜ್ಞರ ತಪಾಸಣೆ, ಅಗತ್ಯವಿದ್ದರೆ ಚಿಕಿತ್ಸೆ, ಆಮೇಲೆ ಹಲವು ವರ್ಷಗಳ ಒಪ್ಪಂದ. ಚಟದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಐದು ವರ್ಷ. ದಿನವೂ ಹಾಜರಿ ಹಾಕಿ ಇಂದು ಪರೀಕ್ಷೆ ಇದೆಯೇ ಎಂದು ವಿಚಾರಿಸಬೇಕು, ಹೆಸರು ಬಂದ ದಿನವೇ ಪರೀಕ್ಷೆಗೆ ಮೂತ್ರ ಕೊಡಬೇಕು. ಕಟ್ಟುನಿಟ್ಟು ಅತಿಯೆನಿಸಿದರೂ ಫಲವಿದೆ. 16 ರಾಜ್ಯಗಳ ಕಾರ್ಯಕ್ರಮಗಳಲ್ಲಿದ್ದ 904 ವೈದ್ಯರ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಐದು ವರ್ಷದ ವಿವರ ಸಿಕ್ಕವರಲ್ಲಿ ಶೇ 78.7ರಷ್ಟು ಮಂದಿ ಲೈಸೆನ್ಸ್ ಉಳಿಸಿಕೊಂಡು ಕೆಲಸದಲ್ಲಿದ್ದರು.

ನಮ್ಮವರು ಎಡವುವುದು ಅಡುಗೆಮನೆಯಲ್ಲಿ. ಹಬ್ಬದ ಗಸಗಸೆ ಪಾಯಸ ಕುಡಿದರೆ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು. ಗಸಗಸೆ ಅಫೀಮಿನ ಗಿಡದ್ದೇ ಬೀಜ ತಾನೆ? ಊರಿಂದ ತಂದ ದಶಮೂಲಾರಿಷ್ಟ, ದ್ರಾಕ್ಷಾಸವಗಳಲ್ಲಿ ತಾನಾಗಿ ಹುಟ್ಟಿದ ಮದ್ಯವಿರುತ್ತದೆ. ಬಾಟಲಿಯ ಲೇಬಲ್ ಓದಿ. ಕೆಲವು ಮೌತ್‌ವಾಶ್‌ಗಳಲ್ಲೂ ಮದ್ಯವಿದೆ. ಕುಡಿತ ನಿಂತು ಎರಡು ಮೂರು ದಿನವಾದರೂ ಇಟಿಜಿ ಎಂಬ ಮೂತ್ರ ಪರೀಕ್ಷೆ ಮದ್ಯದ ಕುರುಹನ್ನು ಹಿಡಿಯಬಲ್ಲದು. ಹೆದರಿ ಬಿಂದಿಗೆಗಟ್ಟಲೆ ನೀರು ಕುಡಿದರೆ ಮೂತ್ರದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಡೆಸಿಲೀಟರಿಗೆ 20 ಮಿಲಿಗ್ರಾಮಿಗಿಂತ ಕೆಳಗಿಳಿದು ಮಾದರಿ ‘ತೆಳುವಾಗಿದೆ’ ಎಂದು ಬರುತ್ತದೆ, ಅನುಮಾನ ಇನ್ನೂ ಹೆಚ್ಚುತ್ತದೆ. ಬೆಂಗಳೂರಿಗೆ ರಜೆಯ ಮೇಲೆ ಬರುವುದಿದ್ದರೆ ಟಿಕೆಟ್ ಮಾಡಿಸುವ ಮೊದಲೇ ಅನುಮತಿ ಕೇಳಿ.

ಇನ್ನೊಂದು ಗಡುವು ನೆನಪಿರಲಿ. ಆಸ್ಪತ್ರೆ ಮಾಡಿಸಿದ ಪರೀಕ್ಷೆಯಲ್ಲಿ ಮಾದಕ ಔಷಧ ಖಚಿತವಾದರೆ, ಲೈಸೆನ್ಸ್ ತುರ್ತಾಗಿ ಅಮಾನತಾಗುವ ಮೊದಲು ವೈದ್ಯರು ಬರೆದ ಕಾನೂನುಬದ್ಧ ಔಷಧ ಚೀಟಿ ತೋರಿಸಲು 48 ಗಂಟೆಯಷ್ಟೇ ಸಿಗುತ್ತದೆ. ಊರಿಂದ ಸೂಟ್‌ಕೇಸಿನಲ್ಲಿ ತಂದ ನೋವಿನ ಮಾತ್ರೆ ಟ್ರಮಡಾಲ್, ಕೊಡೀನ್ ಕೆಮ್ಮಿನ ಸಿರಪ್ಪಿಗೆ ಚೀಟಿ ಎಲ್ಲಿಂದ ತರುತ್ತೀರಿ?

ಅವಮಾನಕ್ಕೆ ಹೆದರಿ ತನಿಖೆಯ ನಡುವೆ ಹುದ್ದೆ ಬಿಡಬೇಡಿ. ತನಿಖೆ ನಡೆಯುವಾಗ ವೈದ್ಯರು ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಹಕ್ಕುಗಳನ್ನು ಬಿಟ್ಟುಕೊಟ್ಟರೆ ಅದು ಇಂಥ ಪ್ರಕರಣಗಳನ್ನು ದಾಖಲಿಸಿಡುವ ನ್ಯಾಷನಲ್ ಪ್ರಾಕ್ಟಿಷನರ್ ಡೇಟಾ ಬ್ಯಾಂಕಿಗೆ ಹೋಗುತ್ತದೆ. ಅದಕ್ಕೂ ಮೊದಲೇ ತಾವಾಗಿ ಚಿಕಿತ್ಸೆಗೆ ರಜೆ ಹಾಕಿದರೆ ಅಷ್ಟಕ್ಕೇ ಅಲ್ಲಿ ದಾಖಲಾಗುವುದಿಲ್ಲ. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಅಮೆರಿಕದಲ್ಲಿ ಉಳಿಯಲು ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಲೈಸೆನ್ಸ್ ವಕೀಲರ ಜೊತೆಗೆ ವೀಸಾ ವಕೀಲರನ್ನೂ ಮೊದಲ ವಾರವೇ ಕಾಣಿ.