ಎರಡು ಸಾಲು ತಿದ್ದಲು ಹೋಗಿ ನಾನೂರು ಸಾಲು ಕಳಿಸಿದ್ದು

ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಏನಾದರೂ ಮಾಡಬೇಕು ಅಂತ ಒಂದು ವರ್ಷ ಬರೀ ಅಂದುಕೊಳ್ಳುತ್ತಲೇ ಇದ್ದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೋಡ್ ತೆರೆಯುವುದು, ತಲೆಬುಡ ಅರ್ಥವಾಗದೆ ಮುಚ್ಚುವುದು. ಹೊಸಬರಿಗೆ ತಕ್ಕ ಕೆಲಸ ಅಂತ ಗುರುತಿಸುವ 'ಗುಡ್ ಫಸ್ಟ್ ಇಶ್ಯೂ' ಲೇಬಲ್ ಹುಡುಕಿಕೊಂಡು ಹೋದರೆ ಅಲ್ಲಿ ಆಗಲೇ ನಾಲ್ಕೈದು ಜನ 'ಇದು ನನಗಿರಲಿ' ಅಂತ ಕಾದು ಕೂತಿರುತ್ತಿದ್ದರು.

ಕೊನೆಗೆ ದಾರಿ ಸಿಕ್ಕಿದ್ದು ನಾನು ದಿನಾ ಬಳಸುವ ಒಂದು ಪುಟ್ಟ ಟೂಲ್‌ನಲ್ಲಿ. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಮಾಹಿತಿಯ) ಫೈಲ್ ಕೊಟ್ಟರೆ ಟರ್ಮಿನಲ್‌ನಲ್ಲಿ ಟೇಬಲ್ ಮಾಡಿ ತೋರಿಸುತ್ತದೆ, ಅಷ್ಟೇ. ಹೊಸ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಬಿಲ್ಡ್ ಮಾಡುವಾಗ ಟೂಲ್ ಬಳಸುವ ಬಗೆ ಹೇಳುವ ರೀಡ್‌ಮಿ ಫೈಲಿನ ಮೂರನೇ ಕಮಾಂಡ್ ಕೈಕೊಟ್ಟಿತು. ಸ್ಕ್ರಿಪ್ಟ್‌ನ ಹೆಸರು ಯಾವಾಗಲೋ ಬದಲಾಗಿತ್ತು. ಹಳಬರು ರೀಡ್‌ಮಿ ಓದುವುದಿಲ್ಲವಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಸಾಲು ತಿದ್ದಿ ಪುಲ್ ರಿಕ್ವೆಸ್ಟ್ ('ನನ್ನ ಬದಲಾವಣೆ ಸೇರಿಸಿಕೊಳ್ಳಿ' ಅನ್ನುವ ಕೋರಿಕೆ) ಕಳಿಸಿದೆ. ಎರಡು ದಿನದಲ್ಲಿ ಮರ್ಜ್ ಆಯಿತು, ಅಂದರೆ ಮೂಲ ಕೋಡ್‌ಗೆ ಸೇರಿತು.

ರೀಡ್‌ಮಿ ತಿದ್ದುವವರನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ಅದಕ್ಕೆ ಕಾರಣವೂ ಇದೆ. ಓಪನ್ ಸೋರ್ಸ್‌ಗೆ ಪುಲ್ ರಿಕ್ವೆಸ್ಟ್ ಕಳಿಸಲು ಜನರನ್ನು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ಟೀ ಶರ್ಟ್ ಆಸೆಗೆ ಜನ ಸುಮ್ನೆ ಒಂದೊಂದು ಪದ ಸೇರಿಸಿ ಕಳಿಸಿ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳ ಪ್ರಾಣ ತಿಂದಿದ್ದರು. ಆದರೆ ಕೆಲಸ ಮಾಡದ ಕಮಾಂಡ್ ಸರಿ ಮಾಡುವುದು ಬೇರೆ ಮಾತು, ಅಲ್ವಾ?

ಎರಡನೆಯದು ನಿಜವಾದ ಬಗ್. ಖಾಲಿ ಫೈಲ್ ಕೊಟ್ಟರೆ ಟೂಲ್ ಕ್ರ್ಯಾಶ್ ಆಗುತ್ತಿತ್ತು. ಮೊದಲ ಸಾಲು ಇದೆಯೋ ಇಲ್ಲವೋ ನೋಡದೆ ಅದನ್ನೇ ಹೆಡರ್ (ಕಾಲಂಗಳ ಹೆಸರಿನ ಸಾಲು) ಅಂತ ಎತ್ತಿಕೊಳ್ಳುತ್ತಿತ್ತು. ವರ್ಶನ್, ಕೊಟ್ಟ ಕಮಾಂಡ್, ಬಂದ ಎರರ್ ಎಲ್ಲ ಹಾಕಿ ಇಶ್ಯೂ (ದೋಷದ ವರದಿ) ಬರೆದೆ. 'ನೀವೇ ಸರಿ ಮಾಡಿ ಕಳಿಸ್ತೀರಾ?' ಅಂತ ಉತ್ತರ ಬಂತು.

ಎರಡೇ ಸಾಲು ಸೇರಿಸಿದ್ದು. ಸೇವ್ ಮಾಡಿದೆ, ಬದಲಾದದ್ದನ್ನೆಲ್ಲ ಒಟ್ಟಿಗೆ ಎತ್ತಿಕೊಳ್ಳುವ 'ಗಿಟ್ ಆಡ್' ಚುಕ್ಕೆ ಒತ್ತಿದೆ, ಕಳಿಸಿದೆ. ಪುಲ್ ರಿಕ್ವೆಸ್ಟ್ ತೆರೆದು ಡಿಫ್ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ) ನೋಡಿದರೆ ನಾನೂರು ಸಾಲು ಕೆಂಪು (ಅಳಿಸಿದ್ದು), ನಾನೂರು ಸಾಲು ಹಸಿರು (ಸೇರಿಸಿದ್ದು)! ಸೇವ್ ಮಾಡುವಾಗ ನನ್ನ ಎಡಿಟರ್ ಇಡೀ ಫೈಲಿನ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತ್ತು. 'ಇದರಲ್ಲಿ ನಿಮ್ಮ ಬದಲಾವಣೆ ಯಾವುದು?' ಅಂತ ಮೇಂಟೇನರ್ ಕೇಳಿದರು. ಟ್ಯಾಬ್ ಬಳಸಿ ಅಂತ, ಕೋಡ್ ಕಳಿಸುವವರಿಗೆ ನಿಯಮ ಹೇಳುವ ಕಾಂಟ್ರಿಬ್ಯೂಟಿಂಗ್ ಫೈಲ್‌ನಲ್ಲೇ ಬರೆದಿತ್ತು. ನಾನು ಓದಿರಲಿಲ್ಲ.

ಗಾಬರಿಯಲ್ಲಿ ಆ ಪುಲ್ ರಿಕ್ವೆಸ್ಟ್ ಮುಚ್ಚಿ ಹೊಸದು ತೆರೆಯಲು ಹೊರಟಿದ್ದೆ. ಬೇಕಾಗಿರಲಿಲ್ಲ. ಅದೇ ಬ್ರಾಂಚ್‌ಗೆ (ನನ್ನ ಬದಲಾವಣೆಗೆಂದು ಮಾಡಿಕೊಂಡ ಕೋಡ್‌ನ ಕವಲಿಗೆ) ಮತ್ತೆ ಪುಶ್ ಮಾಡಿದರೆ, ಅಂದರೆ ಕಳಿಸಿದರೆ, ಅದೇ ಅಪ್‌ಡೇಟ್ ಆಗುತ್ತದೆ. ಫೈಲನ್ನು ಮೊದಲಿದ್ದ ಹಾಗೆ ತಂದೆ. ಆಟೋ ಫಾರ್ಮ್ಯಾಟ್ ಆಫ್ ಮಾಡಿ ಎರಡು ಸಾಲನ್ನು ಮತ್ತೆ ಟೈಪ್ ಮಾಡಿದೆ, ಕಮಿಟ್ ಅಮೆಂಡ್ ಮಾಡಿ (ಹಿಂದೆ ದಾಖಲಿಸಿದ ಬದಲಾವಣೆಯನ್ನೇ ತಿದ್ದಿ) ಫೋರ್ಸ್ ಪುಶ್ ಮಾಡಿದೆ (ಹಳೆಯದರ ಜಾಗದಲ್ಲಿ ಹೊಸದನ್ನು ಬಲವಂತವಾಗಿ ಕೂರಿಸಿದೆ). ಫೋರ್ಸ್ ಪುಶ್ ನಿಮ್ಮದೇ ಬ್ರಾಂಚ್‌ನಲ್ಲಾದರೆ ತೊಂದರೆಯಿಲ್ಲ. ನಾಲ್ಕು ಜನ ಬಳಸುವ ಬ್ರಾಂಚ್‌ನಲ್ಲಿ ಮಾತ್ರ ಬೇಡ. ಈಗ ನಾನು ಬಳಸುವುದು ಮೈನಸ್ ಪಿ ಹಾಕಿದ 'ಗಿಟ್ ಆಡ್'. ಅದು ಒಂದೊಂದೇ ತುಂಡು ತೋರಿಸಿ 'ಇದು ಸೇರಲಿಯಾ?' ಅಂತ ಕೇಳುತ್ತದೆ.

ಆಮೇಲೆ ಟೆಸ್ಟ್ ಬೇಕು ಅಂದರು. ಎರಡು ಸಾಲಿನ ಕೋಡ್‌ಗೆ ಹದಿನೈದು ಸಾಲಿನ ಟೆಸ್ಟ್. ನಿಜ ಹೇಳಬೇಕೆಂದರೆ ಜಾಸ್ತಿ ಹೊತ್ತು ಹಿಡಿದಿದ್ದು ಅದೇ. ಕಳಿಸಿದ ಮೇಲೆ ಮೂರು ವಾರ ಸದ್ದೇ ಇಲ್ಲ. ಸಂಬಳದ ಕೆಲಸ ಮುಗಿಸಿ ರಾತ್ರಿ ಕೂತು ನೋಡುವ ಜನ ಅವರು. ಒಂದು ಸಲ ಮೆಲ್ಲಗೆ ನೆನಪಿಸಿದೆ. ಮರುದಿನ ಮರ್ಜ್ ಆಯಿತು, ಜೊತೆಗೆ ಒಂದು ಸಾಲು: 'ಈ ಸಲ ಡಿಫ್ ಚೆನ್ನಾಗಿದೆ.'