ಮಳೆಗಾಲದಲ್ಲೂ ನಿಲ್ಲದ ಗುಂಪು ಕಲಿಕೆ: ಮಲೆನಾಡಿನ ಶಿಕ್ಷಕರಿಗೆ ಆನ್‌ಲೈನ್ ತಯಾರಿ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಹೈಸ್ಕೂಲು ಮಕ್ಕಳಿಗೆ ಆನ್‌ಲೈನ್ ಗುಂಪು ಕೆಲಸ ಕೊಡುವ ಮುಂಚೆ ಒಂದು ಪಟ್ಟಿ ಮಾಡಿಕೊಳ್ಳಿ. ಫೋನ್ ಯಾರದ್ದು, ಮಗುವಿನ ಕೈಗೆ ಎಷ್ಟು ಹೊತ್ತಿಗೆ ಬರುತ್ತದೆ? ಸಿಗ್ನಲ್ ಮನೆಯೊಳಗೇ ಸಿಗುತ್ತದೋ, ಗುಡ್ಡ ಹತ್ತಬೇಕೋ? ಕನ್ನಡ ಟೈಪಿಂಗ್ ಬರುತ್ತದೋ? ಎಷ್ಟೋ ಮನೆಗಳಲ್ಲಿ ಫೋನ್ ಅಪ್ಪನ ಜೇಬಿನಲ್ಲಿ ತೋಟಕ್ಕೋ ಪೇಟೆಗೋ ಹೋಗಿ ಸಂಜೆ ವಾಪಸಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟು ಹೋದರೆ, ಟವರಿನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ಲೂ ಹೋಗುತ್ತದೆ.

ಹಾಗಾಗಿ ಎಲ್ಲರೂ ಒಂದೇ ಹೊತ್ತಿಗೆ ಸೇರುವ ವಿಡಿಯೊ ತರಗತಿಯನ್ನು ನಂಬಿ ಯೋಜನೆ ಹಾಕಬೇಡಿ. ಗಂಟೆಯ ವಿಡಿಯೊ ಕರೆ ನೂರಾರು ಎಂಬಿ ನುಂಗುತ್ತದೆ. ನಿಮಿಷದ ಧ್ವನಿ ಸಂದೇಶಕ್ಕೆ ಅರ್ಧ ಎಂಬಿ ಕೂಡ ಬೇಡ. ಹಂಚಿಕೊಂಡ ಒಂದು ಗೂಗಲ್ ಶೀಟ್, ಸೂಚನೆಗೆ ಒಂದು ವಾಟ್ಸ್ಆ್ಯಪ್ ಗುಂಪು, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆಯ ಧ್ವನಿ ಕರೆ, ಇಷ್ಟು ಸಾಕು. ಇನ್ನೊಂದು ಆ್ಯಪ್ ಸೇರಿಸಿದಷ್ಟೂ ಪಾಸ್‌ವರ್ಡ್ ಮರೆತು ಹೊರಗುಳಿಯುವ ಮಕ್ಕಳು ಹೆಚ್ಚುತ್ತಾರೆ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಕೊಡುವ ಕೆಲಸದ ಬಗ್ಗೆ. "ಮಳೆಯ ಬಗ್ಗೆ ಪ್ರಬಂಧ ಬರೆಯಿರಿ" ಎಂದು ನಾಲ್ವರಿಗೆ ಹೇಳಿದರೆ ಚುರುಕಾದ ಒಬ್ಬಳು ಬರೆಯುತ್ತಾಳೆ, ಮೂವರ ಹೆಸರು ಕೆಳಗೆ ಸೇರುತ್ತದೆ. ಪ್ರತಿಯೊಬ್ಬರ ಹತ್ತಿರವೂ ಉಳಿದವರ ಬಳಿ ಇಲ್ಲದ ತುಂಡೊಂದು ಇರಬೇಕು, ಅದಿಲ್ಲದೆ ಕೆಲಸ ಪೂರ್ತಿಯಾಗಬಾರದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಶಾಲೆಗಳಲ್ಲಿ ಶುರು ಮಾಡಿದ ಜಿಗ್ಸಾ ವಿಧಾನದ ತಿರುಳೇ ಇದು. ಮಲೆನಾಡಿನಲ್ಲಿ ಇದಕ್ಕೆ ಮಳೆ ಅಳೆಯುವುದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಸುರಿದರೆ, ಅದೇ ಜಿಲ್ಲೆಯ ಶಿಕಾರಿಪುರದಲ್ಲಿ ಅದರ ಸಣ್ಣ ಪಾಲು. ನಾಲ್ಕು ಊರಿನ ಅಂಕಿ ಪಕ್ಕಪಕ್ಕ ಬಂದರೆ ಮಾತ್ರ ಘಟ್ಟ ಮೋಡವನ್ನು ತಡೆದು ಮೇಲೆತ್ತುವ ಪಾಠ ಕಣ್ಣಿಗೆ ಕಾಣುತ್ತದೆ. ನಿಮ್ಮ ಶಾಲೆಯ ಮಕ್ಕಳೆಲ್ಲ ಒಂದೇ ಊರಿನವರಾದರೆ ಬೇರೆ ತಾಲ್ಲೂಕಿನ ಶಾಲೆಯೊಂದರ ಜೊತೆ ಸೇರಿಕೊಳ್ಳಿ. ಆನ್‌ಲೈನ್ ನಿಜಕ್ಕೂ ಉಪಯೋಗಕ್ಕೆ ಬರುವುದು ಅಲ್ಲಿಯೇ.

ಮಾಪಕಕ್ಕೆ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಕತ್ತು ಕತ್ತರಿಸಿ, ಅದನ್ನೇ ಬೋರಲಾಗಿ ಆಲಿಕೆಯಂತೆ ಇಡಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸ್ಕೇಲಿನಿಂದ ಅಳೆದರೆ ತಪ್ಪಾಗುತ್ತದೆ; ನೀರನ್ನು ಅಳತೆ ಲೋಟಕ್ಕೆ ಸುರಿದು ಮಿಲಿಲೀಟರಿನಲ್ಲಿ ನೋಡುವುದು ಮೇಲು. ಕತ್ತರಿಸಿದ ಅಗಲ ಬಾಯಿಯ ವ್ಯಾಸ 10 ಸೆಂ.ಮೀ. ಇದ್ದರೆ ವಿಸ್ತೀರ್ಣ 78.5 ಚದರ ಸೆಂ.ಮೀ., ಅಂದರೆ 785 ಮಿ.ಲೀ. ನೀರು ಸಿಕ್ಕರೆ 100 ಮಿ.ಮೀ. ಮಳೆ. ಮಾಪಕ ಸೂರಿನಿಂದ, ಅಡಿಕೆ ಮರದಿಂದ ದೂರ, ಬಯಲಲ್ಲಿರಲಿ. ಸೂರಿನ ಹನಿ ಬಿದ್ದರೆ ಅಂಕಿ ಸುಮ್ಮನೆ ಹಿಗ್ಗುತ್ತದೆ. ಹವಾಮಾನ ಇಲಾಖೆಯಂತೆ ದಿನವೂ ಬೆಳಿಗ್ಗೆ 8:30ಕ್ಕೆ ಅಳೆಯಿರಿ. ಜೋರು ಮಳೆಯ ದಿನ ಬಾಟಲಿ ತುಂಬಿ ಚೆಲ್ಲುತ್ತದೆ. ಆಗ ಸಂಜೆಯೂ ಒಮ್ಮೆ ಅಳೆದು ಎರಡನ್ನೂ ಕೂಡಿಸಬೇಕು.

ಶೀಟಿನಲ್ಲಿ ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಕಾಲಂ ಕೊಡಿ. ಶೀಟ್ ಆ್ಯಪ್‌ನಲ್ಲಿ ಫೈಲನ್ನು ಆಫ್‌ಲೈನ್‌ನಲ್ಲಿ ಸಿಗುವಂತೆ ಮಾಡಿಟ್ಟರೆ ಸಿಗ್ನಲ್ ಇಲ್ಲದಾಗಲೂ ಬರೆಯಬಹುದು, ಸಿಗ್ನಲ್ ಬಂದಾಗ ತಾನಾಗಿ ಸೇರಿಕೊಳ್ಳುತ್ತದೆ. ಆದರೆ ಇಬ್ಬರು ಒಂದೇ ಕೋಶದಲ್ಲಿ (ಸೆಲ್) ಬರೆದಿದ್ದರೆ ಒಬ್ಬರದು ಅಳಿಸಿಹೋಗುತ್ತದೆ, ಕಾಲಂ ಬೇರೆ ಮಾಡುವುದು ಅದಕ್ಕೇ. ಮಕ್ಕಳು "24 ಮಿ.ಮೀ." ಎಂದು ಬರೆದರೆ ಶೀಟು ಅದನ್ನು ಅಂಕಿಯೆಂದು ಎಣಿಸುವುದಿಲ್ಲ, ಮೊತ್ತದಲ್ಲಿ ಬಿಟ್ಟುಬಿಡುತ್ತದೆ. ಬರೀ 24 ಇರಲಿ. ಮಳೆ ಬಾರದ ದಿನಕ್ಕೆ 0, ಅಳೆಯಲಾಗದ ದಿನಕ್ಕೆ ಖಾಲಿ. ಈ ಎರಡನ್ನು ಬೆರೆಸಿದರೆ ಸರಾಸರಿಯೇ ಸುಳ್ಳಾಗುತ್ತದೆ. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ, ಕೊಂಡಿ (ಲಿಂಕ್) ಮಾತ್ರ ಕಳಿಸಿ. ಇಲ್ಲದಿದ್ದರೆ ವಾರದೊಳಗೆ ಐದು ಪ್ರತಿಗಳಾಗುತ್ತವೆ, ಸರಿಯಾದದ್ದು ಯಾವುದೆಂದು ಯಾರಿಗೂ ತಿಳಿಯದು. ಸೂಚನೆಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದರೆ ಫೋನಿನಲ್ಲಿ ಚಿತ್ರಲಿಪಿಯಂತೆ ಕಾಣುತ್ತದೆ, ಯೂನಿಕೋಡ್‌ನಲ್ಲೇ ಬರೆಯಿರಿ.

ಗುಂಪಿಗೆ ನಾಲ್ವರು. ಇಬ್ಬರೇ ಆದರೆ ಒಬ್ಬರ ಸಿಗ್ನಲ್ ಹೋದ ದಿನ ಕೆಲಸ ನಿಲ್ಲುತ್ತದೆ. ಆರು ಜನರಾದರೆ ಒಂದಿಬ್ಬರು ಮರೆಯಾಗುತ್ತಾರೆ. ಗೆಳೆತನ ನೋಡಿ ಗುಂಪು ಮಾಡಬೇಡಿ, ಬೇರೆಬೇರೆ ಊರು ನೋಡಿ ಮಾಡಿ. ಪ್ರತಿ ಗುಂಪಿನಲ್ಲೂ ಒಳ್ಳೆಯ ಸಿಗ್ನಲ್ ಇರುವ ಒಬ್ಬರಾದರೂ ಇರಲಿ. ನೆಟ್‌ವರ್ಕ್ ಇಲ್ಲದ ಮನೆಯವರು ಸಾಧಾರಣ ಕರೆ ಮಾಡಿಯೋ ಎಸ್ಸೆಮ್ಮೆಸ್ ಕಳಿಸಿಯೋ ಅಂಕಿ ಹೇಳಿದರೆ ಆ ವಾರದ ಬರಹಗಾರ ಶೀಟಿಗೆ ಹಾಕುತ್ತಾನೆ. ಬರಹಗಾರ, ಅಂಕಿ ತಾಳೆ ನೋಡುವವ, ಪ್ರಶ್ನೆ ಎತ್ತುವವ, ವರದಿ ಹೇಳುವವ ಎಂಬ ನಾಲ್ಕು ಹೊಣೆಗಳು ವಾರವಾರ ಬದಲಾಗಬೇಕು. ಬದಲಾಯಿಸದಿದ್ದರೆ ಬರೆಯುವ ಕೆಲಸ ಹೆಣ್ಣುಮಕ್ಕಳ ಪಾಲಿಗೇ ಬಿದ್ದುಬಿಡಬಹುದು.

ಸೋಮವಾರ ಸೂಚನೆ, ಗುರುವಾರದೊಳಗೆ ಒಬ್ಬೊಬ್ಬರೂ ಇನ್ನೊಬ್ಬರ ಅಂಕಿಗೆ ಒಂದು ಟಿಪ್ಪಣಿ, ಭಾನುವಾರ ರಾತ್ರಿ ಗುಂಪಿನ ಐದು ಸಾಲು ತೀರ್ಮಾನ. ಕರೆಂಟು ಹೋದ ಊರಿಗೆ ಕೇಳದೆಯೇ ಎರಡು ದಿನ ಹೆಚ್ಚು ಕೊಡಿ. ಟಿಪ್ಪಣಿಯಲ್ಲಿ "ಸೂಪರ್", "ಚೆನ್ನಾಗಿದೆ" ಎಂಬ ಮಾತು ನಡೆಯದು ಎಂದು ಮೊದಲೇ ಹೇಳಿ, ಒಂದು ಮಾದರಿ ತೋರಿಸಿ: "12ನೇ ತಾರೀಖು ನಿಮ್ಮಲ್ಲಿ 90, ನಮ್ಮಲ್ಲಿ 15. ಮಧ್ಯೆ ಗುಡ್ಡ ಇದೆಯಾ, ಇಲ್ಲಾ ಬಾಟಲಿ ಹಿಂದಿನ ದಿನ ಖಾಲಿ ಮಾಡಿರಲಿಲ್ವಾ?" ಇಂಥ ಒಂದು ಪ್ರಶ್ನೆಗೆ ಉತ್ತರ ಹುಡುಕುವಾಗ ಮಕ್ಕಳು ಕಲಿಯುವಷ್ಟು ನಿಮ್ಮ ಉಪನ್ಯಾಸದಿಂದ ಕಲಿಯುವುದಿಲ್ಲ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು. ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಗುಂಪಿನಲ್ಲಿ ಇಬ್ಬರು ಶಿಕ್ಷಕರಿರಲಿ, ದಿನವೂ ರಾತ್ರಿ 8ಕ್ಕೆ ನೀವೇ ಅಡ್ಮಿನ್ ಬಿಟ್ಟು ಯಾರೂ ಸಂದೇಶ ಹಾಕದಂತೆ ಸೆಟ್ ಮಾಡಿ. ಮಕ್ಕಳ ಮುಖದ ಫೋಟೊ ಬೇಡ, ಬಾಟಲಿಯ ಫೋಟೊ ಸಾಕು.

ಅಂಕದಲ್ಲಿ 20ಕ್ಕೆ 12 ವೈಯಕ್ತಿಕ, 8 ಗುಂಪಿನದು. ಯಾರು ಎಷ್ಟು ಬರೆದರೆಂದು ಶೀಟಿನ ಆವೃತ್ತಿ ಇತಿಹಾಸ (ವರ್ಶನ್ ಹಿಸ್ಟರಿ) ತೋರಿಸುತ್ತದೆ, ಆದರೆ ಅದನ್ನೊಂದೇ ನಂಬಬೇಡಿ: ಫೋನಿನಲ್ಲಿ ಅಂಕಿ ಹೇಳಿ ಬರೆಸಿದವಳ ಹೆಸರು ಅಲ್ಲಿರುವುದಿಲ್ಲ. ನಲವತ್ತು ಮಕ್ಕಳಿಗೆ ಹತ್ತು ಗುಂಪು, ವಾರಕ್ಕೊಮ್ಮೆ ಗುಂಪಿಗೆ ಹತ್ತು ನಿಮಿಷದಂತೆ ಶುಕ್ರವಾರ ಉತ್ತರ ಕೊಡಿ. ಒಂದು ವಾರ ನೀವು ತಪ್ಪಿಸಿದರೂ ಮುಂದಿನ ವಾರ ಟಿಪ್ಪಣಿಗಳು ತೆಳ್ಳಗಾಗುತ್ತವೆ, ಹಾಗಾಗಿ ಹೊಸ ಆ್ಯಪ್ ಹುಡುಕುವ ಹೊತ್ತನ್ನೂ ಇದಕ್ಕೇ ಕೊಡಿ.